ಮೊದಲ ವರ್ಷ ನೋಡಿ ಡ್ರಾಫ್ಟ್ ಹುಡುಗನಿಗೆ ‘ಬಸ್ಟ್’ (ದಂಡದ ಆಯ್ಕೆ) ಅಂತ ಮೊಹರು ಹೊಡೆಯೋದು ಸರಿನಾ?

ಶಾರ್ಲೆಟ್ ಶಿವು
ಎಲ್ಲರಿಗೂ ನಮಸ್ಕಾರ. ಈ ತಿಂಗಳು, 2025ರ ಏಪ್ರಿಲ್ 24ಕ್ಕೆ, ಗ್ರೀನ್ ಬೇಯಲ್ಲಿ ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ಡ್ರಾಫ್ಟ್, ಅಂದರೆ ಹೊಸ ಹುಡುಗರ ಆಯ್ಕೆ, ಶುರು. ಅದಕ್ಕೆ ಮುಂಚೆ ಒಂದು ಮಾತು ಕೇಳಬೇಕು. ಎರಡು ವರ್ಷದಿಂದ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ.

ನಾನು ಕ್ಯಾರೊಲೈನಾ ಪ್ಯಾಂಥರ್ಸ್ ಟೀಮಿನ ಅಭಿಮಾನಿ. 2023ರಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ಗೋಸ್ಕರ ನಮ್ಮ ಟೀಮು ಶಿಕಾಗೋ ಬೇರ್ಸ್‌ಗೆ ಏನೆಲ್ಲ ಕೊಟ್ಟಿತು ನೆನಪಿದೆಯಲ್ಲ? ಡಿ.ಜೆ. ಮೂರ್‌ನಂಥ ರಿಸೀವರ್ (ಎಸೆದ ಚೆಂಡು ಹಿಡಿಯುವವನು), ಆ ವರ್ಷದ 9ನೇ ಮತ್ತು 61ನೇ ಆಯ್ಕೆಯ ಸರದಿ, 2024ರ ಮೊದಲ ಸುತ್ತಿನ ಸರದಿ, 2025ರ ಎರಡನೇ ಸುತ್ತಿನ ಸರದಿ. ಇಷ್ಟೆಲ್ಲ ಕೊಟ್ಟು ಮೊದಲನೆಯವನಾಗಿ ತಂದ ಹುಡುಗ ಮೊದಲ ವರ್ಷ 11 ಟಚ್‌ಡೌನ್ (ಅಂಕ ತಂದ ಎಸೆತ), 10 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ), 62 ಸ್ಯಾಕ್ (ಎಸೆಯೋ ಮುಂಚೆ ಕೆಡವಿಸಿಕೊಂಡದ್ದು). ಟೀಮು 2-15, ಅಂದರೆ 2 ಗೆಲುವು, 15 ಸೋಲು. ಅವನ ಹಿಂದೆಯೇ ಹೂಸ್ಟನ್‌ಗೆ ಹೋದ ಸಿ.ಜೆ. ಸ್ಟ್ರೌಡ್ 23 ಟಚ್‌ಡೌನ್, ಬರೀ 5 ಇಂಟರ್‌ಸೆಪ್ಷನ್. ಆ ವರ್ಷದ ರೂಕಿ (ಮೊದಲ ವರ್ಷದ ಆಟಗಾರ) ಪ್ರಶಸ್ತಿಯೂ ಅವನಿಗೇ.

ಅಲ್ಲಿಂದ ಶುರು. ಆಫೀಸಿನಲ್ಲಿ, ಯುಗಾದಿ ಊಟದ ಪಂಕ್ತಿಯಲ್ಲಿ, ಎಲ್ಲಿ ಹೋದರೂ ಒಂದೇ ಮಾತು: ‘ತಪ್ಪು ಹುಡುಗನನ್ನ ತಂದ್ರಿ ಕಣ್ರೀ.’ ನನ್ನ ಮಗ 9ನೇ ನಂಬರ್ ಜರ್ಸಿ ಹಾಕಿಕೊಂಡು ಶಾಲೆಗೆ ಹೋಗೋದನ್ನೇ ಬಿಟ್ಟ.

ನನ್ನ ಪ್ರಶ್ನೆ ಇಷ್ಟೇ. 22 ವರ್ಷದ ಹುಡುಗನ 16 ಪಂದ್ಯ ನೋಡಿ ಅವನ ಹಣೆಬರಹ ಹೇಳಿಬಿಡಬಹುದಾ? ಕ್ವಾರ್ಟರ್‌ಬ್ಯಾಕ್ ದಿಗ್ಗಜ ಪೇಟನ್ ಮ್ಯಾನಿಂಗ್ 1998ರಲ್ಲಿ 28 ಇಂಟರ್‌ಸೆಪ್ಷನ್ ಎಸೆದ. ರೂಕಿಗಳಲ್ಲಿ ಅದು ಇವತ್ತಿಗೂ ದಾಖಲೆ. ಟೀಮು 3-13. ಮರುವರ್ಷವೇ 13-3. ನಿಮ್ಮ ಲೆಕ್ಕದಲ್ಲಿ ಎಷ್ಟು ವರ್ಷ ಕಾಯಬೇಕು?

ಜರ್ಸಿ ಗೌಡ
ಕ್ವಾರ್ಟರ್‌ಬ್ಯಾಕ್ ಆದರೆ ಮೂರು ವರ್ಷ. ಲೈನ್‌ನವರಾದರೆ (ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಕಾಯುವವರು) ಎರಡು. ರನ್ನಿಂಗ್ ಬ್ಯಾಕ್‌ಗೆ ಒಂದೇ ಸಾಕು, ಓಡೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಕಿಪ್ರಿಯ
ಶಿವು, ಬೇಜಾರು ಮಾಡ್ಕೋಬೇಡಿ. ಹುಡುಗ ಎಡವಿದಾಗಲೆಲ್ಲ ಮ್ಯಾನಿಂಗ್ ಹೆಸರು ತರೋದು ನನಗೆ ಒಪ್ಪಿಗೆ ಇಲ್ಲ. ಅದೇ 1998ರಲ್ಲಿ ಎರಡನೆಯವನಾಗಿ ಸ್ಯಾನ್ ಡಿಯಾಗೋಗೆ ಹೋದವನು ರಯಾನ್ ಲೀಫ್. ಮೊದಲ ಎರಡು ಪಂದ್ಯ ಗೆದ್ದ. ವರ್ಷ ಮುಗಿಯೋ ಹೊತ್ತಿಗೆ 2 ಟಚ್‌ಡೌನ್, 15 ಇಂಟರ್‌ಸೆಪ್ಷನ್. ಆಮೇಲೆ ಮೇಲೇಳಲೇ ಇಲ್ಲ. 2021ರಲ್ಲಿ ನ್ಯೂಯಾರ್ಕ್ ಜೆಟ್ಸ್ ಟೀಮು ತಂದ ಝ್ಯಾಕ್ ವಿಲ್ಸನ್‌ದು ಮೊದಲ ವರ್ಷ 9 ಟಚ್‌ಡೌನ್, 11 ಇಂಟರ್‌ಸೆಪ್ಷನ್. ಅವನಿಗೂ ‘ಕಾಯಿರಿ’ ಅಂದರು. ಮೂರು ವರ್ಷ ಕಾದರು, ಕೊನೆಗೆ ಡೆನ್ವರ್‌ಗೆ ಕಳಿಸಿಕೊಟ್ಟರು. ಎದ್ದವರ ಕಥೆಯನ್ನ ಹತ್ತು ಸಲ ಹೇಳುತ್ತೇವೆ. ಬಿದ್ದವರ ಹೆಸರು ಯಾರ ಬಾಯಲ್ಲೂ ಬರೋದಿಲ್ಲ.

ಇನ್ನೊಂದು ಮಾತು. ಮ್ಯಾನಿಂಗ್ ಆ 28ರ ಜೊತೆಗೆ 26 ಟಚ್‌ಡೌನ್ ಕೂಡ ಎಸೆದಿದ್ದ. ಅದು ಕೈಲಾಗದವನ ವರ್ಷ ಅಲ್ಲ, ದುಡುಕಿದವನ ವರ್ಷ. ಯಂಗ್‌ನ 11ನ್ನ ಅದರ ಪಕ್ಕ ಇಡಬೇಡಿ.

ಬ್ಲೂ ಬೆಂಗಳೂರು
ಇದು ಯಾವ ಫುಟ್‌ಬಾಲ್ ಸ್ವಾಮಿ? ನಾನು ಬೆಂಗಳೂರು ಎಫ್‌ಸಿ ಬಗ್ಗೆ ಅಂದುಕೊಂಡು ಬಂದೆ. ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಥರಾನಾ?

ಹೂಸ್ಟನ್ ಸುಮಕ್ಕ
ಬನ್ನಿ ಬನ್ನಿ, ಕೂತ್ಕೊಳ್ಳಿ. ಇದು ಅಮೆರಿಕದ್ದು, ಮೊಟ್ಟೆಯಾಕಾರದ ಚೆಂಡು. ಹರಾಜು ಅಲ್ಲ. ಕಾಲೇಜಿನಲ್ಲಿ ಆಡಿದ ಹುಡುಗರನ್ನ 32 ಟೀಮು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಒಟ್ಟು ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಜಾಸ್ತಿ ಸೋತವರಿಗೆ ಮೊದಲ ಸರದಿ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವನು. ಅವನು ಎಸೆಯೋ ಮುಂಚೆ ಎದುರಾಳಿ ಬಂದು ಕೆಡವಿದರೆ ಅದು ಸ್ಯಾಕ್.

ಬ್ಲೂ ಬೆಂಗಳೂರು
ಅಂದರೆ ಚೆನ್ನಾಗಿರೋ ಹುಡುಗ ಹೋಗಿ ಬೀಳೋದೇ ಕೆಟ್ಟ ಟೀಮಿಗೆ! ಹಾಗಾದರೆ ಮೊದಲ ವರ್ಷ ಒದ್ದಾಡೋದು ಸಹಜ ಅಲ್ವಾ?

ಶಾರ್ಲೆಟ್ ಶಿವು
ನೋಡಿ, ಈಗ ತಾನೇ ಬಂದವರಿಗೂ ಅರ್ಥವಾಯಿತು.

ತೀರ್ಥಹಳ್ಳಿ ತೋಟ
ಅಡಿಕೆ ಸಸಿ ನೆಟ್ಟ ವರ್ಷವೇ ಗೊನೆ ಕೇಳಿದರೆ ಆಗುತ್ತಾ? ಐದಾರು ವರ್ಷ ನೀರು, ಗೊಬ್ಬರ, ನೆರಳು ಎಲ್ಲ ನೋಡಿಕೊಳ್ಳಬೇಕು. ನಾನು ಬೇ ಏರಿಯಾದವನು, ಫೋರ್ಟಿನೈನರ್ಸ್ ಟೀಮಿನ ಕಡೆ. ನಮ್ಮ ರಿಸೀವರ್ ಜೆರ್ರಿ ರೈಸ್ 1985ರಲ್ಲಿ 16ನೆಯವನಾಗಿ ಬಂದ. ಮೊದಲ ವರ್ಷ ಕೈಗೆ ಬಂದ ಚೆಂಡನ್ನ ಬಿಟ್ಟು ಬಿಟ್ಟು ನಮ್ಮವರಿಂದಲೇ ಬೈಸಿಕೊಂಡಿದ್ದ. ಅದೇ ವರ್ಷ ರ್‍ಯಾಮ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 10 ಕ್ಯಾಚ್, 241 ಗಜ. ಎರಡೂ ಒಬ್ಬನದೇ ಕೈ.

ಅಂಕಿಪ್ರಿಯ
ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಲೂ ನಮ್ಮ ಹಿರಿಯರೇ ಹೇಳಿದ್ದು. ರೈಸ್ ಮೊದಲ ವರ್ಷ 927 ಗಜ ಮಾಡಿದ್ದ. ಅಲ್ಲಿ ಮೊಳಕೆ ಕಾಣಿಸಿತ್ತು. ನಾನು ಕೇಳುತ್ತಿರೋದು ಅದನ್ನೇ. ಮೊಳಕೆಯೇ ಕಾಣದಿದ್ದರೆ ಎಷ್ಟು ದಿನ ನೀರು ಹಾಕೋದು?

ತೀರ್ಥಹಳ್ಳಿ ತೋಟ
ಗುಂಡಿಯಲ್ಲಿ ನೀರು ನಿಂತಿದ್ದರೆ ಒಳ್ಳೇ ಸಸಿಯೂ ಕೊಳೆಯುತ್ತೆ ಸ್ವಾಮಿ. ಮೊದಲು ಬಸಿಗಾಲುವೆ ತೋಡಿ. ಆಮೇಲೆ ಸಸಿಗೆ ಬೈಯಿರಿ.

ನೋವಿ ನಟರಾಜ
ತೋಟದವರ ಮಾತಿಗೆ ಸಾಕ್ಷಿ ನಮ್ಮ ಡೆಟ್ರಾಯ್ಟ್‌ನಲ್ಲಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ 2016ರ ಮೊದಲ ಆಯ್ಕೆ. ಆಗ ರ್‍ಯಾಮ್ಸ್‌ನಲ್ಲಿದ್ದ. ಆ ವರ್ಷ ಏಳು ಪಂದ್ಯ ಆಡಿಸಿದರು, ಏಳೂ ಸೋತ. 5 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಸೀಸನ್ ಮುಗಿಯೋ ಮೊದಲೇ ಕೋಚ್ ಜೆಫ್ ಫಿಷರ್‌ನ ತೆಗೆದರು. ‘ಬಸ್ಟ್’ ಅಂದವರೇ ಎಲ್ಲ. ಮರುವರ್ಷ ಏನಾಯಿತು? 30 ವರ್ಷದ ಶಾನ್ ಮೆಕ್‌ವೇ ಕೋಚ್ ಆಗಿ ಬಂದ. ಎಡಗಡೆ ಕಾಯೋಕೆ ಆಂಡ್ರ್ಯೂ ವಿಟ್‌ವರ್ತ್‌ನ ತಂದರು. ಚೆಂಡು ಹಿಡಿಯೋಕೆ ರಾಬರ್ಟ್ ವುಡ್ಸ್, ಕೂಪರ್ ಕಪ್ ಬಂದರು. ಅದೇ ಹುಡುಗ, ಅದೇ ಕೈ. 28 ಟಚ್‌ಡೌನ್, 7 ಇಂಟರ್‌ಸೆಪ್ಷನ್, ಟೀಮು 11-5. ಅದರ ಮರುವರ್ಷ ಸೂಪರ್ ಬೌಲ್‌ಗೇ (ಲೀಗಿನ ಫೈನಲ್) ಹೋದರು.

2021ರಲ್ಲಿ ಅವರಿಗೂ ಬೇಡವಾದ. ಎರಡು ಮೊದಲ ಸುತ್ತು, ಒಂದು ಮೂರನೇ ಸುತ್ತಿನ ಜೊತೆಗೆ ಅವನನ್ನೂ ಸೇರಿಸಿ ನಮಗೆ ಕೊಟ್ಟು ನಮ್ಮ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್‌ನ ಕರಕೊಂಡು ಹೋದರು. ಇಲ್ಲೂ ಎಲ್ಲರೂ ಅವನನ್ನ ಆಯ್ಕೆಗಳ ಜೊತೆ ಬಂದ ಹೊರೆ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. 2024ರ ಜನವರಿಯಲ್ಲಿ ಅದೇ ರ್‍ಯಾಮ್ಸ್, ಅದೇ ಸ್ಟ್ಯಾಫರ್ಡ್ ಪ್ಲೇಆಫ್‌ಗೆ (ಸೀಸನ್ ಮುಗಿದ ಮೇಲಿನ ನಾಕೌಟ್ ಪಂದ್ಯ) ನಮ್ಮ ಫೋರ್ಡ್ ಫೀಲ್ಡ್‌ಗೆ ಬಂದರು. ನಾನು ಮೇಲಿನ ಸಾಲಿನಲ್ಲಿದ್ದೆ. ಗಾಫ್ ಇನ್ನೂ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗಲೇ ಇಡೀ ಸ್ಟೇಡಿಯಂ ‘ಜ್ಯಾರೆಡ್ ಗಾಫ್, ಜ್ಯಾರೆಡ್ ಗಾಫ್’ ಅಂತ ಕೂಗೋಕೆ ಶುರು ಮಾಡಿತು. ಕಾಲ ಕೆಳಗಿನ ಕಾಂಕ್ರೀಟು ಅದುರುತ್ತಿತ್ತು. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಅಳುತ್ತಿದ್ದರು. 24-23ಕ್ಕೆ ಗೆದ್ದೆವು. 32 ವರ್ಷದ ಮೇಲೆ ಡೆಟ್ರಾಯ್ಟ್ ಗೆದ್ದ ಮೊದಲ ಪ್ಲೇಆಫ್ ಪಂದ್ಯ ಅದು. ಅವನ ಮೊದಲ ಏಳು ಪಂದ್ಯ ನೋಡಿ ತೀರ್ಪು ಕೊಟ್ಟಿದ್ದರೆ ಆ ರಾತ್ರಿಯೇ ಇರುತ್ತಿರಲಿಲ್ಲ.

ಜರ್ಸಿ ಗೌಡ
ಓದಿ ಮೈ ಜುಮ್ಮೆಂದಿತು.

ಅಂಕಿಪ್ರಿಯ
ಚೆನ್ನಾಗಿ ಬರೆದಿರಿ ನಟರಾಜ್. ಆದರೂ ಇದು ಒಬ್ಬನ ಕಥೆ.

ನೋವಿ ನಟರಾಜ
ಹಾಗಾದರೆ ಜೋಡಿಯಾಗಿ ಇನ್ನೊಂದು ಇಡುತ್ತೇನೆ. ಜಾಶ್ ರೋಸೆನ್, 2018ರ 10ನೇ ಆಯ್ಕೆ, ಅರಿಜೋನಾ. ಮೊದಲ ವರ್ಷ 11 ಟಚ್‌ಡೌನ್, 14 ಇಂಟರ್‌ಸೆಪ್ಷನ್, ಟೀಮು 3-13. ಎಸೆತದ ಆಟ ನೋಡಿಕೊಳ್ಳುವ ಕೋಚ್ ನಡುವೆಯೇ ಹೋದ, ಮುಖ್ಯ ಕೋಚ್ ವರ್ಷದ ಕೊನೆಗೆ ಹೋದ. ಗಾಫ್‌ದೂ ಇದೇ ಪರಿಸ್ಥಿತಿ ಅಲ್ವಾ? ಆದರೆ ಇಲ್ಲಿ ಹೊಸದಾಗಿ ಬಂದ ಕೋಚ್‌ಗೆ ಕೈಲರ್ ಮರ್ರಿ ಬೇಕಿತ್ತು. 2019ರಲ್ಲಿ ಅವನನ್ನ ಮೊದಲನೆಯವನಾಗಿ ತಂದು ರೋಸೆನ್‌ನ ಮಯಾಮಿಗೆ ಕಳಿಸಿದರು. ಅಲ್ಲಿಂದ ಊರೂರು ಅಲೆದ. ಗಾಫ್‌ಗೆ ಸಿಕ್ಕ ಎರಡನೇ ವರ್ಷ ರೋಸೆನ್‌ಗೆ ಸಿಕ್ಕಿದ್ದರೆ? ಯಾರಿಗೆ ಗೊತ್ತು. ಮೊದಲ ವರ್ಷದ ಅಂಕಿಯಂತೂ ಅದನ್ನ ಹೇಳೋದಿಲ್ಲ.

ಅಂಕಿಪ್ರಿಯ
ಅದೇ 2018ರಲ್ಲಿ ರೋಸೆನ್‌ಗಿಂತ ಮೂರು ಸ್ಥಾನ ಮುಂದೆ ಜಾಶ್ ಆ್ಯಲೆನ್ ಹೋದ. ಮೊದಲ ವರ್ಷ ಎಸೆದದ್ದರಲ್ಲಿ 52.8 ಶೇಕಡಾ ಮಾತ್ರ ಗುರಿ ಮುಟ್ಟಿತು. 10 ಟಚ್‌ಡೌನ್, 12 ಇಂಟರ್‌ಸೆಪ್ಷನ್. ನಾನು ಆಗ ಇದೇ ವೇದಿಕೆಯಲ್ಲಿ ‘ಇವನ ಕಥೆ ಮುಗಿಯಿತು’ ಅಂತ ಬರೆದಿದ್ದೆ, ಒಪ್ಪಿಕೊಳ್ಳುತ್ತೇನೆ. 2020ಕ್ಕೆ 69.2 ಶೇಕಡಾ. 2024ರ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಅವನೇ. ಅದಕ್ಕೇ ಹುಷಾರಾಗಿ ಮಾತಾಡುತ್ತಿದ್ದೇನೆ. ನನ್ನ ವಾದ ‘ಕಾಯಬೇಡಿ’ ಅಂತಲ್ಲ. ಕಾಯೋಕೆ ಒಂದು ಕಾರಣ ತೋರಿಸಿ ಅಂತ. ಆ್ಯಲೆನ್‌ನ ತೋಳು, ಓಟ ಮೊದಲ ವರ್ಷವೇ ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನ ನೋಡದೆ ಶೇಕಡಾ ಮಾತ್ರ ನೋಡಿದ್ದು ನನ್ನ ತಪ್ಪು.

ಜರ್ಸಿ ಗೌಡ
ಹಾಂ, ಇದು ಮಾತು. ಎಷ್ಟು ಸಲ ತಪ್ಪಿದ ಅನ್ನೋದಕ್ಕಿಂತ ಎಂಥ ತಪ್ಪು ಅನ್ನೋದು ಮುಖ್ಯ. ನಮ್ಮ ನ್ಯೂಯಾರ್ಕ್ ಜಯಂಟ್ಸ್‌ನಲ್ಲೇ ಎರಡು ಉದಾಹರಣೆ ಇದೆ, ಇಬ್ಬರೂ ಟ್ಯಾಕಲ್‌ಗಳು, ಅಂದರೆ ಲೈನ್‌ನ ತುದಿ ಕಾಯುವವರು.

ಆಂಡ್ರ್ಯೂ ಥಾಮಸ್, 2020ರ 4ನೇ ಆಯ್ಕೆ. ಮೊದಲ ವರ್ಷ ಅವನ ಕಡೆಯಿಂದ ಬಂದ ಸ್ಯಾಕ್‌ಗಳಿಗೆ ಲೆಕ್ಕವೇ ಇಲ್ಲ. ನಾನೂ ಟಿವಿ ಮುಂದೆ ಕೂತು ಬೈದಿದ್ದೇನೆ. ಆಮೇಲೆ ಪಂದ್ಯಗಳನ್ನ ನಿಧಾನವಾಗಿ ಹಿಂದೆ ಮುಂದೆ ಮಾಡಿ ನೋಡಿದೆ. ಕಾಲು ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಕೈ ಮಾತ್ರ ಅರೆಕ್ಷಣ ತಡ. ಎದುರಿನವನು ಎದೆಗೆ ಕೈ ಹಾಕಿದ ಮೇಲೆ ಇವನ ಕೈ ಏಳುತ್ತಿತ್ತು. ಅದು ಕಲಿಸಿದರೆ ಬರುವಂಥದ್ದು. ಕಣಕಾಲು ನೋವಿಟ್ಟುಕೊಂಡೇ ಆಡಿದ್ದ ಅಂತ ಗೊತ್ತಾಗಿದ್ದು ಸೀಸನ್ ಮುಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ. 2022ಕ್ಕೆ ಆಲ್-ಪ್ರೊ (ವರ್ಷದ ಶ್ರೇಷ್ಠರ ಪಟ್ಟಿ) ಎರಡನೇ ತಂಡದಲ್ಲಿದ್ದ. 2023ರಲ್ಲಿ ಐದು ವರ್ಷಕ್ಕೆ 117.5 ಮಿಲಿಯನ್ ಡಾಲರ್ ಒಪ್ಪಂದ.

ಇವನ್ ನೀಲ್, 2022ರ 7ನೇ ಆಯ್ಕೆ. ಇವನೂ ಮೊದಲ ವರ್ಷ ಒದ್ದಾಡಿದ. ‘ಥಾಮಸ್ ಎದ್ದ, ಇವನೂ ಏಳುತ್ತಾನೆ’ ಅಂದೆವು. ಆದರೆ ಇವನ ತಪ್ಪೇ ಬೇರೆ. ಸೊಂಟದಿಂದ ಮುಂದಕ್ಕೆ ವಾಲುತ್ತಿದ್ದ. ಎದುರಿನವನು ಪಕ್ಕಕ್ಕೆ ಸರಿದರೆ ಇವನು ನೆಲಕ್ಕೆ. ಮೂರನೇ ವರ್ಷ ಶುರುವಾದಾಗ ಬೆಂಚಿನಲ್ಲಿದ್ದ. ಇಬ್ಬರ ಮೊದಲ ವರ್ಷದ ಸ್ಯಾಕ್ ಎಣಿಸಿ ಕೂತಿದ್ದರೆ ಯಾರು ಏಳುತ್ತಾರೆ ಅಂತ ಗೊತ್ತಾಗುತ್ತಲೇ ಇರಲಿಲ್ಲ.

ಹೂಸ್ಟನ್ ಸುಮಕ್ಕ
ಗೌಡ್ರೇ, ರನ್ನಿಂಗ್ ಬ್ಯಾಕ್‌ಗೆ ಓಡೋದು ಕಲಿಸಬೇಕಾಗಿಲ್ಲ ಸರಿ. ಕ್ವಾರ್ಟರ್‌ಬ್ಯಾಕ್‌ನ ಕಾಯೋದನ್ನ ಕಲಿಸಬೇಕಲ್ಲ? ನಿಮ್ಮ ಒಂದು ವರ್ಷದ ಲೆಕ್ಕ ನಾನು ಒಪ್ಪೋದಿಲ್ಲ.

ಜರ್ಸಿ ಗೌಡ
ಅದು ಸರಿ ಅಕ್ಕಾ. ವಾಪಸ್ ತಗೊಂಡೆ.

ಕ್ಯಾರೊಲೈನಾ ಕಾವ್ಯ
ನಾನು ಶಿವು ಅವರ ಊರಿನವಳೇ. 2023ರ ಡಿಸೆಂಬರ್ 17ರ ಅಟ್ಲಾಂಟಾ ಪಂದ್ಯಕ್ಕೆ ಹೋಗಿದ್ದೆ. ಧಾರಾಕಾರ ಮಳೆ. ಸ್ಟೇಡಿಯಂನಲ್ಲಿ ಸಾಲು ಸಾಲು ಖಾಲಿ ಕುರ್ಚಿ. ನಮ್ಮ ಟೀಮು ಅಲ್ಲಿವರೆಗೆ ಗೆದ್ದಿದ್ದು ಒಂದೇ ಪಂದ್ಯ. ರೇನ್‌ಕೋಟಿನೊಳಗೂ ನೀರು ಇಳಿದು ಮೈಯೆಲ್ಲ ನಡುಗುತ್ತಿತ್ತು, ಎದ್ದು ಹೋಗೋಣ ಅಂದುಕೊಂಡಿದ್ದೆವು.

7-6ಕ್ಕೆ ಹಿಂದಿದ್ದೆವು. ಏಳೂವರೆ ನಿಮಿಷ ಬಾಕಿ ಇದ್ದಾಗ ನಮ್ಮದೇ ಗೋಲ್ ಲೈನ್ ಹತ್ತಿರ ಚೆಂಡು ಸಿಕ್ಕಿತು. ಅಲ್ಲಿಂದ ಆ ಹುಡುಗ 17 ಆಟದಲ್ಲಿ 90 ಗಜ ತಂದ. ಪ್ರತಿ ಸಲ ಟವೆಲ್‌ಗೆ ಕೈ ಒರೆಸಿಕೊಂಡು, ಲೈನ್‌ನವರ ಹತ್ತಿರ ಹೋಗಿ ಒಬ್ಬೊಬ್ಬರ ಬೆನ್ನು ತಟ್ಟಿ, ಮತ್ತೆ ನಿಂತುಕೊಳ್ಳುತ್ತಿದ್ದ. ಗಾಬರಿ ಅನ್ನೋದು ಮುಖದಲ್ಲಿ ಇರಲಿಲ್ಲ. ಗಡಿಯಾರ ಸೊನ್ನೆಗೆ ಬಂದಾಗ ನಮ್ಮ ಕಿಕರ್ ಪಿನ್ಯೆರೋ ಚೆಂಡು ಒದ್ದು 3 ಅಂಕದ ಫೀಲ್ಡ್ ಗೋಲ್ ಹೊಡೆದ. 9-7. ಆ ಪಂದ್ಯದಲ್ಲಿ ಯಂಗ್ ಒಂದೂ ಟಚ್‌ಡೌನ್ ಎಸೆಯಲಿಲ್ಲ. ಅಂಕಿಪ್ರಿಯ ಅವರ ಪಟ್ಟಿಯಲ್ಲಿ ಅದು ಸೊನ್ನೆ. ನನ್ನ ಕಣ್ಣಿಗೆ ಅದೇ ಮೊಳಕೆ.

ಶಾರ್ಲೆಟ್ ಶಿವು
ಕಾವ್ಯ, ನಾನು ಆ ಮಳೆ ನೋಡಿ ಮನೆಯಲ್ಲೇ ಉಳಿದಿದ್ದೆ. ಇವತ್ತಿಗೂ ಕೊರಗುತ್ತೇನೆ. ಆ ವರ್ಷದ ಮೊದಲ ಗೆಲುವು ಯಾರ ಮೇಲೆ ಅಂತ ನೆನಪಿದೆಯಾ? ಸ್ಟ್ರೌಡ್‌ನ ಹೂಸ್ಟನ್ ಮೇಲೇ, 15-13.

ಹೂಸ್ಟನ್ ಸುಮಕ್ಕ
ನೆನಪಿದೆ ಶಿವು. ಅವತ್ತು ಮನೆಯಲ್ಲಿ ಅಡುಗೆನೇ ಸರಿಯಾಗಿ ಆಗಲಿಲ್ಲ.

ಸ್ಟ್ರೌಡ್ ವಿಷಯಕ್ಕೇ ಬರುತ್ತೇನೆ. ಕೆಟ್ಟ ಮೊದಲ ವರ್ಷ ಮೋಸ ಮಾಡುವ ಹಾಗೆ ಒಳ್ಳೇ ಮೊದಲ ವರ್ಷವೂ ಮೋಸ ಮಾಡುತ್ತೆ. 2024ರಲ್ಲಿ ನಮ್ಮ ಹುಡುಗ 20 ಟಚ್‌ಡೌನ್, 12 ಇಂಟರ್‌ಸೆಪ್ಷನ್, 52 ಸ್ಯಾಕ್. ಅವನ ಕೈಗೆ ಏನೂ ಆಗಿರಲಿಲ್ಲ, ಮುಂದಿದ್ದ ಗೋಡೆ ಬಿದ್ದಿತ್ತು. ವಾಷಿಂಗ್ಟನ್‌ನ ರಾಬರ್ಟ್ ಗ್ರಿಫಿನ್ 2012ರಲ್ಲಿ 20 ಟಚ್‌ಡೌನ್, 5 ಇಂಟರ್‌ಸೆಪ್ಷನ್, ವರ್ಷದ ರೂಕಿ. ಪ್ಲೇಆಫ್‌ನಲ್ಲಿ ಮೊಣಕಾಲು ಹೋಯಿತು, ಆ ಆಟ ಮತ್ತೆ ಬರಲೇ ಇಲ್ಲ. ಅದೇ ಡ್ರಾಫ್ಟಿನಲ್ಲಿ ಅದೇ ಟೀಮು ನಾಲ್ಕನೇ ಸುತ್ತಿನಲ್ಲಿ ತಂದ ಕರ್ಕ್ ಕಸಿನ್ಸ್ 2024ರಲ್ಲೂ ಆಡುತ್ತಿದ್ದ.

ಹುಬ್ಬಳ್ಳಿ ಹೈದ
ಲೈನ್ ಲೈನ್ ಅಂತ ಎಲ್ಲರೂ ಹೇಳುತ್ತಿದ್ದೀರಿ. ಹಾಗಾದರೆ ಇದಕ್ಕೆ ಉತ್ತರ ಕೊಡಿ. 2024ರಲ್ಲಿ ಎರಡು ಪಂದ್ಯ ಆದ ಮೇಲೆ ಯಂಗ್‌ನ ಬೆಂಚಿಗೆ ಕೂರಿಸಿದರು. ಅದೇ ಲೈನ್, ಅದೇ ರಿಸೀವರ್‌ಗಳು, ಬದಲಿ ಕ್ವಾರ್ಟರ್‌ಬ್ಯಾಕ್ ಆ್ಯಂಡಿ ಡಾಲ್ಟನ್ ಹೋಗಿ ಲಾಸ್ ವೇಗಸ್ ಮೇಲೆ 319 ಗಜ, 3 ಟಚ್‌ಡೌನ್. 36-22ಕ್ಕೆ ಗೆಲುವು. ತಪ್ಪು ಯಾರದು?

ಶಾರ್ಲೆಟ್ ಶಿವು
ನ್ಯಾಯವಾದ ಪ್ರಶ್ನೆ. ಆ ಎರಡು ಪಂದ್ಯ ಯಂಗ್ ನಿಜಕ್ಕೂ ಕೆಟ್ಟದಾಗಿ ಆಡಿದ, ನಾನು ಮುಚ್ಚಿಡೋದಿಲ್ಲ. ಒಬ್ಬನೇ ಒಬ್ಬ ಓಡಿ ಬಂದರೂ ಎಸೆಯದೆ ಹಿಂದೆ ಹಿಂದೆ ಹೋಗುತ್ತಿದ್ದ. ಹಿಂದಿನ ವರ್ಷದ 62 ಸ್ಯಾಕ್‌ಗಳ ಹೆದರಿಕೆ ಮೈಯಲ್ಲಿ ಕೂತುಬಿಟ್ಟಿತ್ತು ಅಂತ ನನಗನ್ನಿಸುತ್ತೆ.

ಆದರೆ ಮುಂದಿನದನ್ನೂ ಹೇಳಿ ಹೈದ. ಡಾಲ್ಟನ್ ಆ ಗೆಲುವಾದ ಮೇಲೆ ಸಿನ್ಸಿನಾಟಿ, ಶಿಕಾಗೋ, ಅಟ್ಲಾಂಟಾ, ವಾಷಿಂಗ್ಟನ್, ನಾಲ್ಕಕ್ಕೆ ನಾಲ್ಕೂ ಸೋತ. ಕೊನೆಯದು 40-7. ಅವನಿಗೆ ಕಾರ್ ಅಪಘಾತದಲ್ಲಿ ಹೆಬ್ಬೆರಳಿಗೆ ಪೆಟ್ಟಾಗಿ ಯಂಗ್ ವಾಪಸ್ ಬಂದ. ಆಗ ಬಂದವನೇ ಬೇರೆ ಹುಡುಗ. ಲೈನ್‌ನ ಹೊಸ ಗಾರ್ಡ್‌ಗಳು ರಾಬರ್ಟ್ ಹಂಟ್, ಡೇಮಿಯನ್ ಲೂಯಿಸ್ ಆ ಹೊತ್ತಿಗೆ ಹೊಂದಿಕೊಂಡಿದ್ದರು. ಇಡೀ ವರ್ಷಕ್ಕೆ 29 ಸ್ಯಾಕ್. ಕೊನೇ ಪಂದ್ಯ ಅಟ್ಲಾಂಟಾದಲ್ಲಿ 3 ಟಚ್‌ಡೌನ್ ಎಸೆದ, 2 ತಾನೇ ಓಡಿ ಹೊಡೆದ. 44-38.

ಹುಬ್ಬಳ್ಳಿ ಹೈದ
ಅಂದರೆ ಬೆಂಚಿಗೆ ಕೂರಿಸಿದ್ದೇ ಒಳ್ಳೆಯದಾಯಿತು ಅನ್ನಿ.

ಶಾರ್ಲೆಟ್ ಶಿವು
ಅದನ್ನ ಒಪ್ಪುತ್ತೇನೆ. ಕೂರಿಸೋದು ಬೇರೆ, ಕೈಬಿಡೋದು ಬೇರೆ.

ಡಲ್ಲಾಸ್ ದೇಸಾಯಿ
ತಡವಾಗಿ ಬಂದೆ. ನಮ್ಮ ಕ್ವಾರ್ಟರ್‌ಬ್ಯಾಕ್ ಟ್ರಾಯ್ ಏಕ್‌ಮನ್ ಹೆಸರು ಇನ್ನೂ ಯಾರೂ ತೆಗೆದೇ ಇಲ್ಲವಲ್ಲ! 1989ರ ಮೊದಲ ಆಯ್ಕೆ. ಆ ವರ್ಷ ಕೌಬಾಯ್ಸ್ 1-15. ಏಕ್‌ಮನ್ ಆಡಿದ 11 ಪಂದ್ಯವೂ ಸೋಲು. ಗೆದ್ದ ಒಂದೇ ಒಂದು ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಟೀವ್ ವಾಲ್ಶ್. ಅವನೂ ಅದೇ ವರ್ಷ ಬಂದ ರೂಕಿ. ಗೆಲುವು ಸೋಲು ಎಣಿಸಿದ್ದರೆ ಡಲ್ಲಾಸ್ ವಾಲ್ಶ್‌ನ ಇಟ್ಟುಕೊಂಡು ಏಕ್‌ಮನ್‌ನ ಕಳಿಸಬೇಕಿತ್ತು. 1990ರಲ್ಲಿ ಕಳಿಸಿದ್ದು ವಾಲ್ಶ್‌ನ. ಆಮೇಲೆ ಮೂರು ಸೂಪರ್ ಬೌಲ್ ಬಂತು.

ಮೈಸೂರು ಮಂಜು
ನಮ್ಮ ಕೆ.ಎಲ್. ರಾಹುಲ್‌ಗೂ ಹೀಗೇ ಆಯಿತು. 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್, 3 ಮತ್ತು 1. ಎಲ್ಲರೂ ಬೈದರು. ಮುಂದಿನ ಸಿಡ್ನಿ ಟೆಸ್ಟಿನಲ್ಲೇ 110.

ಬ್ಲೂ ಬೆಂಗಳೂರು
ಅಬ್ಬಾ, ಕೊನೆಗೆ ನನಗೆ ಗೊತ್ತಿರೋ ಹೆಸರು ಬಂತು.

ಅಂಕಿಪ್ರಿಯ
ಕ್ರಿಕೆಟ್ ಶುರುವಾದರೆ ಬೆಳಗಾಗುತ್ತೆ, ಬೇಡ. ದುಡ್ಡಿನ ವಿಷಯ ಯಾರೂ ಮುಟ್ಟಲಿಲ್ಲ. ಟೀಮಿನವರು ಅವಸರ ಮಾಡೋದಕ್ಕೆ ಅದೇ ಕಾರಣ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 78 ಮಿಲಿಯನ್ ಡಾಲರ್, ಅದರಲ್ಲಿ 50 ಖಾತ್ರಿ. 2011ರಲ್ಲಿ ಲೀಗಿಗೂ ಆಟಗಾರರಿಗೂ ಹೊಸ ಒಪ್ಪಂದ ಬಂದ ಮೇಲೆ ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 22. ಒಂದೇ ವರ್ಷದ ಅಂತರ! ಅಂದರೆ ರೂಕಿ ಅಗ್ಗ. ಅವನು ಅಗ್ಗವಾಗಿರೋ ನಾಲ್ಕು ವರ್ಷದಲ್ಲೇ ಉಳಿದ ದುಡ್ಡಿನಲ್ಲಿ ಟೀಮು ಕಟ್ಟಿ ಗೆಲ್ಲಬೇಕು. ಅದಕ್ಕೇ ಮೊದಲ ವಾರವೇ ಹುಡುಗನನ್ನ ಮೈದಾನಕ್ಕೆ ತಳ್ಳುತ್ತಾರೆ. ಗ್ರೀನ್ ಬೇಯಲ್ಲಿ ಆ್ಯರನ್ ರಾಜರ್ಸ್ ಮೂರು ವರ್ಷ ಬ್ರೆಟ್ ಫಾರ್ವ್ ಹಿಂದೆ ಕೂತಿದ್ದ. ಈಗ ಆ ತಾಳ್ಮೆ ಯಾರಿಗಿದೆ?

ತೀರ್ಥಹಳ್ಳಿ ತೋಟ
ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಕೂಡ 2017ರಲ್ಲಿ ಆ್ಯಲೆಕ್ಸ್ ಸ್ಮಿತ್ ಹಿಂದೆ ಕೂತಿದ್ದ. ಆಡಿದ್ದು ಒಂದೇ ಪಂದ್ಯ. ಕೂತು ಕಲಿತವರಿಗೆ ಕೆಟ್ಟ ರೂಕಿ ವರ್ಷ ಅನ್ನೋದೇ ಇಲ್ಲ ನೋಡಿ.

ನೇಪರ್‌ವಿಲ್ ನಾಗೇಶ
ಬೇರ್ಸ್ ಕಡೆಯಿಂದ ಒಂದು ಮಾತು. ಶಿವು ಅವರ ಟೀಮು ಕೊಟ್ಟ 2024ರ ಆಯ್ಕೆಯೇ ನಮ್ಮ ಕೇಲೆಬ್ ವಿಲಿಯಮ್ಸ್ ಆಯಿತು. ಅವನಿಗೆ ಮೊದಲ ವರ್ಷ 68 ಸ್ಯಾಕ್. ಯಂಗ್‌ಗಿಂತ ಜಾಸ್ತಿ. ಸೀಸನ್ ನಡುವೆಯೇ ಕೋಚ್‌ನ ತೆಗೆದರು. ಟೀಮು 5-12. ಆದರೂ 20 ಟಚ್‌ಡೌನ್‌ಗೆ ಬರೀ 6 ಇಂಟರ್‌ಸೆಪ್ಷನ್. ಈಗ ಬೆನ್ ಜಾನ್ಸನ್ ಕೋಚ್ ಆಗಿ ಬಂದಿದ್ದಾರೆ, ನಟರಾಜ್ ಅವರ ಡೆಟ್ರಾಯ್ಟ್‌ನಿಂದಲೇ. ಇಲ್ಲಿ ಈಗಲೇ ಕೆಲವರು ‘ಎರಡನೆಯವನಾಗಿ ಹೋದ ಜೇಡನ್ ಡೇನಿಯಲ್ಸ್‌ನ ತರಬೇಕಿತ್ತು’ ಅಂತ ಶುರು ಮಾಡಿದ್ದಾರೆ. ನಿಮ್ಮ ಊರಿನ ಮಾತು ನಮ್ಮ ಊರಿಗೆ ಬಂದಿದೆ ಶಿವು.

ನೋವಿ ನಟರಾಜ
ಬೆನ್ ಜಾನ್ಸನ್‌ನ ಕಳಕೊಂಡ ನೋವು ನಮಗೆ ಇನ್ನೂ ಇದೆ. ಗಾಫ್ ಕೈಲಿ ಎಸೆಸಿದ ಮನುಷ್ಯ ಅವನು. ವಿಲಿಯಮ್ಸ್ ಅದೃಷ್ಟವಂತ.

ಹುಬ್ಬಳ್ಳಿ ಹೈದ
ಟೆನೆಸಿ ಈ ಸಲ ಮೊದಲ ಆಯ್ಕೆಗೆ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್‌ನ ತಂದರೆ ಅವನಿಗೂ ಇದೇ ಗತಿ. ಟೀಮು 3-14. ಲೈನ್ ನೋಡಿದ್ದೀರಾ?

ಜರ್ಸಿ ಗೌಡ
ತಂದರೆ ಮೊದಲ ವರ್ಷ ಅವನ ಇಂಟರ್‌ಸೆಪ್ಷನ್ ಎಣಿಸೋದಿಲ್ಲ, ನಾನಂತೂ ಅವನ ಕಾಲು ನೋಡುತ್ತೇನೆ. ಜನ ಮೈಮೇಲೆ ಬಿದ್ದಾಗಲೂ ನೆಟ್ಟಗೆ ನಿಂತು ಎಸೆಯುತ್ತಾನಾ, ಹಿಂದಕ್ಕೆ ಓಡುತ್ತಾನಾ ಅಂತ.

ಅಂಕಿಪ್ರಿಯ
ಅದನ್ನೂ ಎಣಿಸಬಹುದು ಗೌಡ್ರೇ. ನಾನು ಬರೆದಿಟ್ಟುಕೊಳ್ಳುತ್ತೇನೆ, ನೀವು ನೋಡಿ ಹೇಳಿ. ವರ್ಷದ ಕೊನೆಗೆ ಇಲ್ಲೇ ಹಾಕೋಣ.

ಶಾರ್ಲೆಟ್ ಶಿವು
ಎಲ್ಲರಿಗೂ ಥ್ಯಾಂಕ್ಸ್. ಎಷ್ಟು ವರ್ಷ ಅಂತ ಕೇಳಿದ್ದೇ ಸರಿಯಾದ ಪ್ರಶ್ನೆ ಆಗಿರಲಿಲ್ಲ ಅಂತ ಈಗ ಅನ್ನಿಸುತ್ತಿದೆ. ಯಂಗ್‌ನ ಒಪ್ಪಂದವನ್ನ ಐದನೇ ವರ್ಷಕ್ಕೆ ಮುಂದುವರಿಸೋದಾ ಬೇಡವಾ ಅಂತ ಟೀಮು 2026ರ ಮೇ ಹೊತ್ತಿಗೆ ತೀರ್ಮಾನ ಮಾಡಬೇಕು. ಅಲ್ಲಿವರೆಗೆ ನಾನು ಏನೂ ಹೇಳೋದಿಲ್ಲ. ಕಾವ್ಯ, ಆ ಮಳೆಯ ಪಂದ್ಯದ ಕೊನೆಯ 17 ಆಟ ರೆಕಾರ್ಡ್ ಇದ್ದರೆ ಕಳಿಸಿ. ಮಗನ ಜೊತೆ ಕೂತು ನೋಡಬೇಕು.

ಕ್ಯಾರೊಲೈನಾ ಕಾವ್ಯ
ಇದೆ. ರಾತ್ರಿ ಕಳಿಸುತ್ತೇನೆ. ಜೋರಾಗಿ ಕಿರುಚೋ ದನಿ ನಂದೇ, ಕೇಳಿದರೆ ಗಾಬರಿ ಆಗಬೇಡಿ.